ಲಂಡನ್ನಿನ ಮರ್ಚೆಂಟ್ ಟೇಲರ್ಸ್ ಶಾಲೆಯ ಹಳೆಯ ವಿದ್ಯಾರ್ಥಿಗಳ ಜೀವನ ದಾಖಲೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಶಾಸನಗಳನ್ನು ಓದುವ ಯಾರಿಗೂ, ಅವುಗಳ ಅಧ್ಯಯನ ಮಾಡಿದ ಇಂಗ್ಲಿಷ್ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್ ಅವರ ಹೆಸರು ಹೊಸದಲ್ಲ. ಅವರು ಬಾಲ್ಯದಲ್ಲಿ ಓದಿದ್ದು ಲಂಡನ್ನಿನ ಮರ್ಚೆಂಟ್ ಟೇಲರ್ಸ್ ಶಾಲೆಯಲ್ಲಿ. ಆ ಶಾಲೆ ತನ್ನ ವಿದ್ಯಾರ್ಥಿಗಳ ಬಗ್ಗೆ ನಾಲ್ಕು ಶತಮಾನಗಳಿಗೂ ಮೀರಿದ ದಾಖಲೆಗಳನ್ನು ಉಳಿಸಿಕೊಂಡಿದೆ. ಇಂಥ ದಾಖಲೆಗಳನ್ನು ಮೊದಲ ಬಾರಿಗೆ ಕೈಗೆತ್ತಿಕೊಳ್ಳುವ ಕನ್ನಡದ ಓದುಗರಿಗೆ ಸಹಜವಾಗಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಈ ಶಾಲೆಯನ್ನು ಸ್ಥಾಪಿಸಿದವರು ಯಾರು?

ಲಂಡನ್ ನಗರದ ದರ್ಜಿಗಳ ಹಾಗೂ ಬಟ್ಟೆ ವರ್ತಕರ ಸಂಘವಾದ ಮರ್ಚೆಂಟ್ ಟೇಲರ್ಸ್ ಕಂಪನಿಯು 1561ರಲ್ಲಿ ಇದನ್ನು ಸ್ಥಾಪಿಸಿತು. ಸಂಘದ ಹಿರಿಯರಾಗಿದ್ದ ರಿಚರ್ಡ್ ಹಿಲ್ಸ್ ಕೊಟ್ಟ 500 ಪೌಂಡುಗಳ ನೆರವಿನಿಂದ ಸಫೋಕ್ ಲೇನ್ ಎಂಬ ಓಣಿಯಲ್ಲಿದ್ದ ಹಳೆಯ ಮಹಲೊಂದನ್ನು ಕೊಂಡು ಅಲ್ಲಿ ತರಗತಿಗಳನ್ನು ನಡೆಸಲಾಯಿತು. ಸ್ಥಾಪನೆಯ ನಿಯಮಾವಳಿಯಂತೆ ಒಟ್ಟು 250 ಹುಡುಗರಿಗೆ ಪ್ರವೇಶವಿತ್ತು. ಅವರಲ್ಲಿ 100 ಬಡ ಹುಡುಗರು ಶುಲ್ಕವಿಲ್ಲದೆ ಓದಬಹುದಾಗಿತ್ತು, 50 ಮಂದಿ ಮೂರು ತಿಂಗಳಿಗೊಮ್ಮೆ 2 ಶಿಲಿಂಗ್ 2 ಪೆನ್ಸ್ ಕೊಡಬೇಕಿತ್ತು, ಉಳಿದ 100 ಮಂದಿ 5 ಶಿಲಿಂಗ್ ಕೊಡಬೇಕಿತ್ತು. ಯಾರಿಂದ ಎಷ್ಟು ವಸೂಲಾಗಬೇಕು ಎಂಬ ಲೆಕ್ಕ ಬೇಕಾದಾಗ ಹೆಸರುಗಳ ಪಟ್ಟಿಯೂ ಬೇಕಾಗುತ್ತದೆ. ಶಾಲೆಯ ದಾಖಲೆಗಳ ಮೂಲದಲ್ಲಿ ವಿದ್ಯೆಯ ಅಭಿಮಾನದಷ್ಟೇ ಈ ವ್ಯಾಪಾರಿ ಶಿಸ್ತೂ ಇದೆ ಎಂಬುದನ್ನು ಮರೆಯಬಾರದು.

1666ರ ಲಂಡನ್ ಮಹಾ ಅಗ್ನಿ ಅನಾಹುತದಲ್ಲಿ ಶಾಲೆಯ ಕಟ್ಟಡ ಸುಟ್ಟುಹೋಯಿತು. ಅದೇ ಜಾಗದಲ್ಲಿ ಮತ್ತೆ ಕಟ್ಟಲಾದ ಶಾಲೆ 1875ರಲ್ಲಿ ಚಾರ್ಟರ್‌ಹೌಸ್ ಚೌಕಕ್ಕೂ, 1933ರಲ್ಲಿ ನಗರದ ವಾಯವ್ಯಕ್ಕಿರುವ ಸ್ಯಾಂಡಿ ಲಾಡ್ಜ್‌ಗೂ ಸ್ಥಳಾಂತರಗೊಂಡಿತು.

ಇದೇ ಹೆಸರಿನ ಇನ್ನೊಂದು ಶಾಲೆಯೂ ಇದೆಯಲ್ಲವೇ?

ಇದೆ. ಲಿವರ್‌ಪೂಲ್ ಬಳಿಯ ಕ್ರಾಸ್ಬಿಯಲ್ಲಿ 1620ರಲ್ಲಿ ಸ್ಥಾಪನೆಯಾದ ಶಾಲೆಗೂ ಇದೇ ಹೆಸರು. ಆರ್ಚ್‌ಬಿಷಪ್ ರಾಬರ್ಟ್ ರನ್ಸಿ ಓದಿದ್ದು ಅಲ್ಲಿಯೇ ಹೊರತು ಲಂಡನ್ನಿನ ಶಾಲೆಯಲ್ಲಿ ಅಲ್ಲ. ಯಾರದಾದರೂ ಜೀವನಚರಿತ್ರೆಯಲ್ಲಿ ಬರೀ 'ಮರ್ಚೆಂಟ್ ಟೇಲರ್ಸ್' ಎಂದಷ್ಟೇ ಇದ್ದರೆ, ಎರಡರಲ್ಲಿ ಯಾವ ಶಾಲೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ನಮ್ಮ ಶಾಲೆಗಳ ದಾಖಲಾತಿ ಪುಸ್ತಕಕ್ಕೂ ಈ 'ರಿಜಿಸ್ಟರ್'ಗಳಿಗೂ ಏನು ವ್ಯತ್ಯಾಸ?

ನಮ್ಮ ಊರಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಜಾತಿ, ಸೇರಿದ ತರಗತಿ, ಶಾಲೆ ಬಿಟ್ಟ ದಿನ ಇತ್ಯಾದಿಗಳಿರುತ್ತವೆ. ವರ್ಗಾವಣೆ ಪತ್ರ ಕೊಟ್ಟೊಡನೆ ಅದರ ಕೆಲಸ ಮುಗಿಯುತ್ತದೆ. ಇಂಗ್ಲೆಂಡಿನ ಹಳೆಯ ಶಾಲೆಗಳಲ್ಲಿಯೂ ಮೂಲತಃ ಇಂಥದ್ದೇ ಕೈಬರಹದ ಪುಸ್ತಕಗಳಿದ್ದವು. ಆದರೆ 19ನೆಯ ಶತಮಾನದ ಉತ್ತರಾರ್ಧದಲ್ಲಿ ಹಲವು ಶಾಲೆಗಳು ಆ ಪುಸ್ತಕಗಳನ್ನು ಆಧಾರವಾಗಿಟ್ಟುಕೊಂಡು, ಪ್ರತಿಯೊಬ್ಬ ಹುಡುಗ ಮುಂದೆ ಯಾವ ವಿಶ್ವವಿದ್ಯಾಲಯ ಸೇರಿದ, ಯಾವ ಉದ್ಯೋಗ ಹಿಡಿದ, ಯಾರನ್ನು ಮದುವೆಯಾದ, ಎಲ್ಲಿ ತೀರಿಕೊಂಡ ಎಂಬುದನ್ನು ಹೊರಗಿನ ಮೂಲಗಳಿಂದ ಹುಡುಕಿ ಸೇರಿಸಿ ಮುದ್ರಿಸಿದವು. ಹಾಗಾಗಿ ಮುದ್ರಿತ ರಿಜಿಸ್ಟರ್‌ನಲ್ಲಿ ಎರಡು ಪದರಗಳಿರುತ್ತವೆ. ಒಂದು, ಹುಡುಗ ಶಾಲೆಗೆ ಸೇರಿದ ಕಾಲದಲ್ಲಿಯೇ ಬರೆದದ್ದು. ಇನ್ನೊಂದು, ಕೆಲವೊಮ್ಮೆ ಮುನ್ನೂರು ವರ್ಷಗಳ ನಂತರ ಸಂಪಾದಕರು ಸೇರಿಸಿದ್ದು. ಇವೆರಡರ ತೂಕ ಒಂದೇ ಅಲ್ಲ. ಈ ಪುಟದಲ್ಲಿ ಮುಂದೆ ಹೇಳುವುದೆಲ್ಲ ಈ ಭೇದವನ್ನು ಅವಲಂಬಿಸಿದೆ.

ಮುದ್ರಿತ ಗ್ರಂಥಗಳು ಯಾವುವು? ಯಾವುದರಿಂದ ಆರಂಭಿಸಬೇಕು?

ಪಾದ್ರಿ ಚಾರ್ಲ್ಸ್ ಜೆ. ರಾಬಿನ್ಸನ್ ಸಂಪಾದಿಸಿ 1882-83ರಲ್ಲಿ ಪ್ರಕಟಿಸಿದ ಎರಡು ಸಂಪುಟಗಳಲ್ಲಿ 1562ರಿಂದ 1874ರವರೆಗೆ ಶಾಲೆ ಸೇರಿದವರ ಹೆಸರುಗಳಿವೆ. ಅದರಲ್ಲಿ ಹೆಸರುಗಳು ಶಾಲೆ ಸೇರಿದ ಕ್ರಮದಲ್ಲಿವೆ. ಶ್ರೀಮತಿ ಇ. ಪಿ. ಹಾರ್ಟ್ ಸಂಪಾದಿಸಿದ, 1936ರಲ್ಲಿ ಹೊರಬಂದ ಎರಡು ಸಂಪುಟಗಳು 1561ರಿಂದ 1934ರವರೆಗಿನ ಅವಧಿಯನ್ನು ಒಳಗೊಂಡಿವೆ. ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಹುಡುಕುವವರು ಹಾರ್ಟ್ ಅವರ ಸಂಪುಟಗಳಿಂದ ಆರಂಭಿಸಿ, ಅನಂತರ ರಾಬಿನ್ಸನ್ ಅವರಲ್ಲಿಗೆ ಹೋಗುವುದು ಒಳ್ಳೆಯದು. ಒಂದೇ ವರ್ಷ ಸೇರಿದ ಅಣ್ಣತಮ್ಮಂದಿರು, ನೆರೆಹೊರೆಯವರು, ಮುಂದೆ ಒಂದೇ ಹಡಗಿನಲ್ಲಿ ಭಾರತಕ್ಕೆ ಬಂದಿರಬಹುದಾದ ಸಹಪಾಠಿಗಳು ಇವರೆಲ್ಲ ಒಂದೇ ಕಡೆ ಕಣ್ಣಿಗೆ ಬೀಳುವುದು ರಾಬಿನ್ಸನ್ ಅವರ ಕಾಲಾನುಕ್ರಮದಲ್ಲಿ ಮಾತ್ರ. ಆದ್ದರಿಂದ ನನಗೆ ಅವರ ಹಳೆಯ ಸಂಪುಟಗಳ ಮೇಲೆಯೇ ಹೆಚ್ಚು ಪ್ರೀತಿ. ಅವುಗಳ ಪುಟಗಳ ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಆರಂಭದ ವರ್ಷಗಳ ಹುಡುಗರ ವಿವರ ತಿಳಿದದ್ದು ಹೇಗೆ?

ಇದಕ್ಕೆ ಕವಿ ಎಡ್ಮಂಡ್ ಸ್ಪೆನ್ಸರ್ ಅವರ ಉದಾಹರಣೆ ಅತ್ಯುತ್ತಮವಾದದ್ದು. ಅವರು ಈ ಶಾಲೆಯಲ್ಲಿ ಓದಿದವರು ಎಂಬುದು ಶಾಲೆಯ ಯಾವುದೇ ಪುಸ್ತಕದಿಂದ ತಿಳಿದದ್ದಲ್ಲ. ರಾಬರ್ಟ್ ನೋವೆಲ್ ಎಂಬ ಶ್ರೀಮಂತ ವಕೀಲರು 1569ರಲ್ಲಿ ತೀರಿಕೊಂಡಾಗ, ಅವರ ಆಸ್ತಿಯಿಂದ ಲಂಡನ್ನಿನ ಶಾಲೆಗಳ ಬಡ ವಿದ್ಯಾರ್ಥಿಗಳಿಗೆ ಶವಸಂಸ್ಕಾರದ ಸಂದರ್ಭದಲ್ಲಿ ನಿಲುವಂಗಿಯ ಬಟ್ಟೆ ಕೊಡಲಾಯಿತು. ಆ ಖರ್ಚಿನ ಲೆಕ್ಕದಲ್ಲಿ ಸ್ಪೆನ್ಸರ್ ಹೆಸರಿದೆ. ಅದೇ ವರ್ಷದ ಏಪ್ರಿಲ್ 28ರಂದು, ಮರ್ಚೆಂಟ್ ಟೇಲರ್ಸ್ ಶಾಲೆಯ ವಿದ್ಯಾರ್ಥಿಯಾದ ಈತ ಕೇಂಬ್ರಿಜ್‌ನ ಪೆಂಬ್ರೋಕ್ ಹಾಲ್‌ಗೆ ಹೊರಟಾಗ 10 ಶಿಲಿಂಗ್ ಕೊಟ್ಟದ್ದೂ ಅಲ್ಲಿ ನಮೂದಾಗಿದೆ. ಇಂಗ್ಲಿಷ್ ಸಾಹಿತ್ಯದ ಮಹಾಕವಿಯೊಬ್ಬರ ಶಾಲಾದಿನಗಳ ಸಾಕ್ಷಿ ಸತ್ತವರ ಮನೆಯ ದಾನದ ಲೆಕ್ಕದಲ್ಲಿ ಉಳಿದುಕೊಂಡಿದೆ. ದೇವಸ್ಥಾನಕ್ಕೆ ಎಣ್ಣೆ ಬಿಟ್ಟುಕೊಟ್ಟ ದತ್ತಿ ಶಾಸನದಲ್ಲಿ ಕವಿಯ ಹೆಸರನ್ನು ಹುಡುಕಿ ಅಭ್ಯಾಸವಿರುವ ನಮಗೆ ಇದು ಅಪರಿಚಿತ ದಾರಿಯಲ್ಲ.

ಇದಲ್ಲದೆ, ಶಾಲೆಯನ್ನು ನಡೆಸುತ್ತಿದ್ದ ಸಂಘದ ಸಭೆಯ ನಡಾವಳಿಗಳು, 17ನೆಯ ಶತಮಾನದ ಆರಂಭದಿಂದ ನಿಗದಿತ ದಿನಗಳಂದು ನಡೆಯುತ್ತಿದ್ದ ಪರೀಕ್ಷೆಗಳ ಪಟ್ಟಿಗಳು ಮತ್ತು ಆಕ್ಸ್‌ಫರ್ಡ್‌ನ ಸೇಂಟ್ ಜಾನ್ಸ್ ಕಾಲೇಜಿಗೆ ಪ್ರತಿವರ್ಷ ಜೂನ್ 11ರ ಸೇಂಟ್ ಬಾರ್ನಬಸ್ ದಿನದಂದು ನಡೆಯುತ್ತಿದ್ದ ಆಯ್ಕೆಯ ದಾಖಲೆಗಳು ಸಂಪಾದಕರಿಗೆ ನೆರವಾದವು. ಆ ಕಾಲೇಜನ್ನು 1555ರಲ್ಲಿ ಸ್ಥಾಪಿಸಿದ ಸರ್ ಥಾಮಸ್ ವೈಟ್ ಇದೇ ಸಂಘದ ಸದಸ್ಯರಾಗಿದ್ದರು.

ಮೊದಲ ಮುಖ್ಯೋಪಾಧ್ಯಾಯರಾದ ರಿಚರ್ಡ್ ಮಲ್ಕ್ಯಾಸ್ಟರ್ 1561ರಿಂದ 1586ರವರೆಗೆ ಇಲ್ಲಿದ್ದರು. ವಿದ್ಯೆಯೆಂದರೆ ಲ್ಯಾಟಿನ್ ಎಂದಿದ್ದ ಕಾಲದಲ್ಲಿ ಅವರು ಮಾತೃಭಾಷೆಯಾದ ಇಂಗ್ಲಿಷಿನ ಪರವಾಗಿ ವಾದಿಸಿದರು. ಸ್ಪೆನ್ಸರ್ ಮಾತ್ರವಲ್ಲದೆ, ನಾಟಕಕಾರ ಥಾಮಸ್ ಕಿಡ್ ಮತ್ತು 1611ರ ಇಂಗ್ಲಿಷ್ ಬೈಬಲ್ ಅನುವಾದಕರಲ್ಲಿ ಪ್ರಮುಖರಾದ ಲ್ಯಾನ್ಸ್‌ಲಾಟ್ ಆಂಡ್ರೂಸ್ ಕೂಡ ಅವರ ಕಾಲದ ವಿದ್ಯಾರ್ಥಿಗಳು. ತಾಯ್ನುಡಿಯಲ್ಲಿ ಶಿಕ್ಷಣ ಬೇಕೇ ಬೇಡವೇ ಎಂದು ಈಗಲೂ ಚರ್ಚಿಸುತ್ತಿರುವ ನಮಗೆ ಈ ಸಂಗತಿ ಗಮನಾರ್ಹ.

ಅತ್ಯಂತ ವಿಶ್ವಾಸಾರ್ಹವಾದ ಹಳೆಯ ದಾಖಲೆ ಯಾವ ಅವಧಿಯದು?

ವಿಲಿಯಂ ಡುಗಾರ್ಡ್ ಮುಖ್ಯೋಪಾಧ್ಯಾಯರಾಗಿದ್ದ 1644ರಿಂದ 1661ರವರೆಗಿನದು. ತಾವು ಸೇರಿಸಿಕೊಂಡ ಪ್ರತಿ ಹುಡುಗನ ತಂದೆ, ಜನನ, ಪ್ರವೇಶದ ದಿನ ಮುಂತಾದವನ್ನು ಅವರು ತಾವೇ ಮುತುವರ್ಜಿಯಿಂದ ಬರೆದಿಟ್ಟರು. ಇಂಗ್ಲೆಂಡಿನ ಅಂತರ್ಯುದ್ಧ, 1649ರಲ್ಲಿ ದೊರೆಯ ಶಿರಚ್ಛೇದ, ಗಣರಾಜ್ಯ, ಮತ್ತೆ ಅರಸೊತ್ತಿಗೆ ಇವೆಲ್ಲ ಆ ಹದಿನೇಳು ವರ್ಷಗಳಲ್ಲಿಯೇ ಆದವು. ಮುದ್ರಕರೂ ಆಗಿದ್ದ ಡುಗಾರ್ಡ್, ದೊರೆಯ ಪರವಾದ ಪುಸ್ತಕವನ್ನು ಅಚ್ಚು ಹಾಕಲು ಹೊರಟದ್ದಕ್ಕಾಗಿ 1650ರಲ್ಲಿ ಸೆರೆಮನೆಯನ್ನೂ ಕಂಡರು. ಅಂಥ ಕಾಲದಲ್ಲಿಯೂ ದಿನ ತಪ್ಪದೆ ಹುಡುಗರ ಹೆಸರು ಬರೆದಿಟ್ಟ ಆ ಮೇಷ್ಟರಿಗೆ ಇಂದಿನ ಸಂಶೋಧಕರೆಲ್ಲರೂ ಋಣಿಗಳು.

ಒಂದು ನಮೂದಿನಲ್ಲಿರುವ ಸಂಕ್ಷೇಪಗಳನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ಹಳೆಯ ಮೂಲಗಳಲ್ಲಿ ಹೆಸರುಗಳು ಲ್ಯಾಟಿನ್ ರೂಪದಲ್ಲಿರುತ್ತವೆ. 'ಜಾಕೋಬಸ್' ಎಂದರೆ ಜೇಮ್ಸ್, 'ಗುಲಿಯೆಲ್ಮಸ್' ಎಂದರೆ ವಿಲಿಯಂ, 'ಕ್ಯಾರೋಲಸ್' ಎಂದರೆ ಚಾರ್ಲ್ಸ್. 'ಫಿಲಿಯಸ್' ಎಂಬ ಪದ ಅಥವಾ ಅದರ ಮೊದಲ ಅಕ್ಷರಗಳು ಕಂಡರೆ ಇಂಥವರ ಮಗ ಎಂದು ಓದಿಕೊಳ್ಳಬೇಕು. 'ಆಬಿಟ್' ಎಂಬುದರ ಮೊಟಕು ರೂಪ ಮರಣವನ್ನೂ, ಡಿ. ಎಸ್. ಪಿ. ಎಂಬ ಮೂರಕ್ಷರ ಸಂತಾನವಿಲ್ಲದೆ ತೀರಿಕೊಂಡರು ಎಂಬುದನ್ನೂ ಸೂಚಿಸುತ್ತವೆ. ಪ್ರತಿ ಗ್ರಂಥದ ಆರಂಭದಲ್ಲಿ ಸಂಕ್ಷೇಪಗಳ ಪಟ್ಟಿ ಇರುವುದರಿಂದ ಇಲ್ಲಿ ಅದನ್ನು ಬೆಳೆಸುವುದಿಲ್ಲ.

ತಂದೆಯ ಕಸುಬು ಎಂದು ಬರೆದದ್ದನ್ನು ಹಾಗೆಯೇ ನಂಬಬಹುದೇ?

ನಂಬಬಾರದು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಹುಡುಗನ ತಂದೆ 'ಲಂಡನ್ನಿನ ನಾಗರಿಕ ಹಾಗೂ ಮರ್ಚೆಂಟ್ ಟೇಲರ್' ಎಂದು ಬರೆದಿದ್ದರೆ ಅವರು ಬಟ್ಟೆ ಹೊಲಿಯುತ್ತಿದ್ದರು ಎಂದು ಅರ್ಥವಲ್ಲ. ಲಂಡನ್ ನಗರದಲ್ಲಿ ವ್ಯಾಪಾರದ ಹಕ್ಕು ಪಡೆಯಲು ಯಾವುದಾದರೊಂದು ಕಸುಬಿನ ಸಂಘಕ್ಕೆ ಸೇರಬೇಕಿತ್ತು, ಮತ್ತು ಆ ಸದಸ್ಯತ್ವವನ್ನು ತಂದೆಯಿಂದ ಹಕ್ಕಾಗಿ ಪಡೆಯಲೂ ಅವಕಾಶವಿತ್ತು. ಆದ್ದರಿಂದ ದರ್ಜಿಗಳ ಸಂಘದ ಸದಸ್ಯನೊಬ್ಬ ಪುಸ್ತಕ ಮಾರಾಟಗಾರನೋ ಸಕ್ಕರೆ ವ್ಯಾಪಾರಿಯೋ ಆಗಿರುವುದು ಸಾಮಾನ್ಯವಾಗಿತ್ತು. ನಮ್ಮಲ್ಲಿ ಹೆಸರಿನ ಕೊನೆಗೆ ಕುಲಕರ್ಣಿ, ಪಾಟೀಲ, ದೇಸಾಯಿ ಎಂದಿರುವವರೆಲ್ಲರೂ ಆ ಹುದ್ದೆಗಳನ್ನು ನಿರ್ವಹಿಸಿದವರಲ್ಲವಷ್ಟೇ. ತಂದೆಯ ನಿಜವಾದ ಕಸುಬು ಬೇಕಾದರೆ ಉಯಿಲುಗಳನ್ನು, ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳನ್ನು ನೋಡಬೇಕು.

ಒಂದೇ ಘಟನೆಗೆ ಎರಡು ಬೇರೆ ವರ್ಷಗಳು ಕಾಣುವುದೇಕೆ?

ಇಂಗ್ಲೆಂಡಿನಲ್ಲಿ 1752ರ ತನಕ ಹೊಸ ವರ್ಷ ಅಧಿಕೃತವಾಗಿ ಮಾರ್ಚ್ 25ರಂದು ಆರಂಭವಾಗುತ್ತಿತ್ತು. ಹಾಗಾಗಿ 1648ರ ಫೆಬ್ರವರಿ ಎಂದು ಅಂದು ಬರೆದದ್ದು ಇಂದಿನ ಲೆಕ್ಕದಲ್ಲಿ 1649ರ ಫೆಬ್ರವರಿ. ಕೆಲವು ಸಂಪಾದಕರು ಎರಡೂ ವರ್ಷಗಳನ್ನು ಗೀಟು ಹಾಕಿ ಬರೆಯುತ್ತಾರೆ, ಕೆಲವರು ಬರೆಯುವುದಿಲ್ಲ. ಶಕವರ್ಷವನ್ನು ಕ್ರಿಸ್ತವರ್ಷಕ್ಕೆ ತರುವಾಗ ಚೈತ್ರಕ್ಕೆ ಮೊದಲಿನ ತಿಂಗಳುಗಳಲ್ಲಿ ಎಚ್ಚರ ವಹಿಸುವಂತೆಯೇ ಇಲ್ಲಿ ಜನವರಿಯಿಂದ ಮಾರ್ಚ್ 24ರವರೆಗಿನ ದಿನಾಂಕಗಳಲ್ಲಿ ಎಚ್ಚರ ವಹಿಸಬೇಕು. ಇನ್ನೊಂದು ಮಾತು: ಹುಟ್ಟಿದ ದಿನವೆಂದು ಕೊಟ್ಟಿರುವುದು ಎಷ್ಟೋ ಕಡೆ ದೀಕ್ಷಾಸ್ನಾನದ ದಿನವಾಗಿರುತ್ತದೆ.

ಒಂದೇ ಹೆಸರಿನ ಇಬ್ಬರಿದ್ದರೆ ಅಥವಾ ಹೆಸರು ಬದಲಾಗಿದ್ದರೆ ಏನು ಮಾಡಬೇಕು?

ಜಾನ್ ಸ್ಮಿತ್‌ರಂಥ ಹೆಸರುಗಳಲ್ಲಿ ಸಂಪಾದಕರು ಊಹೆಯಿಂದ ಇಬ್ಬರನ್ನು ಒಬ್ಬರನ್ನಾಗಿ ಮಾಡಿರುವ ಸಾಧ್ಯತೆ ಯಾವಾಗಲೂ ಇರುತ್ತದೆ. ಆಕ್ಸ್‌ಫರ್ಡ್‌ಗೆ ಹೋದವರಿಗೆ ಜೋಸೆಫ್ ಫಾಸ್ಟರ್ ಅವರ 'ಅಲುಮ್ನಿ ಆಕ್ಸೋನಿಯೆನ್ಸಿಸ್', ಕೇಂಬ್ರಿಜ್‌ಗೆ ಹೋದವರಿಗೆ ವೆನ್ ತಂದೆಮಕ್ಕಳು 1922ರಿಂದ 1954ರವರೆಗೆ ಹತ್ತು ಸಂಪುಟಗಳಲ್ಲಿ ಹೊರತಂದ 'ಅಲುಮ್ನಿ ಕ್ಯಾಂಟಾಬ್ರಿಜಿಯೆನ್ಸಿಸ್' ತಾಳೆ ನೋಡಲು ಅನುಕೂಲ. ತಂದೆಯ ಹೆಸರು ಮತ್ತು ವಯಸ್ಸು ಎರಡೂ ಹೊಂದಿದರೆ ಮಾತ್ರ ಒಬ್ಬನೇ ವ್ಯಕ್ತಿ ಎಂದು ಒಪ್ಪಬೇಕು.

ಶಾಲೆಯ ದಾಖಲೆಯಲ್ಲಿ ಇರುವುದು ಬಾಲಕನ ಹೆಸರೇ ಹೊರತು ಮುಂದೆ ಖ್ಯಾತಿ ತಂದ ಹೆಸರಲ್ಲ. ಚಿತ್ರನಟ ಬೋರಿಸ್ ಕಾರ್ಲಾಫ್ ಈ ಶಾಲೆಯಲ್ಲಿ ಕೆಲಕಾಲ ಓದಿದವರು. ಅವರನ್ನು ಹುಡುಕಬೇಕಾದರೆ ಹುಟ್ಟು ಹೆಸರಾದ ವಿಲಿಯಂ ಹೆನ್ರಿ ಪ್ರ್ಯಾಟ್ ಎಂದೇ ಹುಡುಕಬೇಕು.

ಶಾಲೆಯಿಂದ ಹೊರಹಾಕಲ್ಪಟ್ಟವರೂ, ಸ್ವಲ್ಪವೇ ದಿನ ಇದ್ದವರೂ ದಾಖಲೆಯಲ್ಲಿ ಇರುತ್ತಾರೆಯೇ?

ಇರುತ್ತಾರೆ. 1678ರಲ್ಲಿ ಕ್ಯಾಥೊಲಿಕರ ಪಿತೂರಿಯೆಂಬ ಸುಳ್ಳನ್ನು ಕಟ್ಟಿ ಅನೇಕ ನಿರಪರಾಧಿಗಳನ್ನು ಗಲ್ಲಿಗೇರಿಸಿದ ಟೈಟಸ್ ಓಟ್ಸ್ ಇಲ್ಲಿ ಸೇರಿ ಬೇಗನೆ ಹೊರಬಿದ್ದವನು. ಇನ್ನೊಂದೆಡೆ, 1649ರಲ್ಲಿ ವಧಾಸ್ಥಾನದವರೆಗೂ ಒಂದನೆಯ ಚಾರ್ಲ್ಸ್ ದೊರೆಯ ಜೊತೆಗಿದ್ದ ಬಿಷಪ್ ವಿಲಿಯಂ ಜಕ್ಸನ್ ಕೂಡ ಇದೇ ಶಾಲೆಯವರು. ರಾಬರ್ಟ್ ಕ್ಲೈವ್ 1730ರ ದಶಕದಲ್ಲಿ ಇಲ್ಲಿ ಸ್ವಲ್ಪ ಕಾಲ ಓದಿದ. ಅದಕ್ಕೆ ಮೊದಲು ಮಾರ್ಕೆಟ್ ಡ್ರೇಟನ್‌ನ ಶಾಲೆಯಲ್ಲಿಯೂ ಅನಂತರ ಹೆಮೆಲ್ ಹೆಂಪ್‌ಸ್ಟೆಡ್‌ನಲ್ಲಿಯೂ ಇದ್ದ. ಒಬ್ಬನೇ ಹುಡುಗ ಮೂರು ನಾಲ್ಕು ಶಾಲೆಗಳಲ್ಲಿ ಕಾಣಿಸಿಕೊಂಡರೆ ಅದು ತಪ್ಪಲ್ಲ. ಖ್ಯಾತರಾದವರನ್ನು ತಮ್ಮವರೆಂದು ಹೇಳಿಕೊಳ್ಳಲು ಎಲ್ಲ ಶಾಲೆಗಳಿಗೂ ಆಸೆಯಿರುತ್ತದೆ. ಯಾವ ಶಾಲೆಯಲ್ಲಿ ಎಷ್ಟು ವರ್ಷ ಕಳೆದರು ಎಂಬುದನ್ನು ನೋಡಿದರೆ ಯಾವ ಶಾಲೆ ಅವರನ್ನು ರೂಪಿಸಿತು ಎಂಬುದರ ಅಂದಾಜು ಸಿಗುತ್ತದೆ.

ಫ್ಲೀಟ್ ಅವರ ವಿಷಯದಲ್ಲಿ ಶಾಲಾ ದಾಖಲೆ ನಮಗೆ ಎಷ್ಟು ಉಪಯುಕ್ತ?

1847ರಲ್ಲಿ ಹುಟ್ಟಿದ ಫ್ಲೀಟ್ ಈ ಶಾಲೆಯ ಬಳಿಕ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಥಿಯೋಡರ್ ಗೋಲ್ಡ್‌ಸ್ಟಕರ್ ಅವರ ಬಳಿ ಸಂಸ್ಕೃತ ಕಲಿತು, 1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಬಂದರು. ಶಾಲೆಯ ದೃಷ್ಟಿಯಲ್ಲಿ ಅವರ ಬದುಕು ಒಂದು ಹುದ್ದೆಯಿಂದ ಇನ್ನೊಂದು ಹುದ್ದೆಗೆ ಏರಿದ ಕಥೆ. ನಮ್ಮ ದೃಷ್ಟಿಯಲ್ಲಿ ಅವರು ಬಾದಾಮಿ ಚಾಲುಕ್ಯರಿಂದ ಮೊದಲುಗೊಂಡು ಕನ್ನಡ ನಾಡಿನ ಅರಸುಮನೆತನಗಳ ಕಾಲಕ್ರಮವನ್ನು ಶಾಸನಗಳ ಆಧಾರದಿಂದ ಜೋಡಿಸಿ 1882ರಲ್ಲಿ ಪ್ರಕಟಿಸಿದವರು, 1883ರಿಂದ 1886ರವರೆಗೆ ಭಾರತ ಸರ್ಕಾರದ ಶಾಸನತಜ್ಞರಾಗಿದ್ದವರು, ಗುಪ್ತರ ಶಾಸನಗಳ ಸಂಪುಟವನ್ನು 1888ರಲ್ಲಿ ಕೊಟ್ಟವರು. ಅಷ್ಟೇ ಮುಖ್ಯವಾಗಿ, ಉತ್ತರ ಕರ್ನಾಟಕದ ಲಾವಣಿಗಳನ್ನು ಕೇಳಿ ಬರೆದುಕೊಂಡು 'ಇಂಡಿಯನ್ ಆ್ಯಂಟಿಕ್ವರಿ' ಪತ್ರಿಕೆಯಲ್ಲಿ ಅನುವಾದದೊಂದಿಗೆ ಅಚ್ಚು ಹಾಕಿಸಿದವರು. ಸಂಗೊಳ್ಳಿ ರಾಯಣ್ಣನ ಲಾವಣಿಯೂ, 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿ ಬೇಡರ ಲಾವಣಿಯೂ ಅವುಗಳಲ್ಲಿವೆ. ಕಂಪನಿ ಸರ್ಕಾರವನ್ನು ಎದುರಿಸಿದವರ ಹಾಡುಗಳನ್ನು ಅದೇ ಆಡಳಿತದ ಅಧಿಕಾರಿಯೊಬ್ಬರು ಕಾಗದಕ್ಕೆ ಇಳಿಸಿದರು.

ಈ ಭಾಗ ಶಾಲೆಯ ರಿಜಿಸ್ಟರ್‌ನಲ್ಲಿ ಹುಡುಕುವಂಥದ್ದಲ್ಲ. ಅಲ್ಲಿ ಸಿಗುವುದು ಅವರ ಬಾಲ್ಯದ ಪರಿಸರ, ತಂದೆ, ಸಹಪಾಠಿಗಳು. ಲ್ಯಾಟಿನ್ ಗ್ರೀಕ್ ವ್ಯಾಕರಣವನ್ನು ಚಿಕ್ಕಂದಿನಲ್ಲಿಯೇ ಅರೆದು ಕುಡಿಸುತ್ತಿದ್ದ ಶಾಲೆಯಿಂದ ಬಂದವರಿಗೆ ಹಳಗನ್ನಡದ ವಿಭಕ್ತಿಗಳನ್ನು ಬಿಡಿಸುವ ತಾಳ್ಮೆ ಬಂದಿರಬಹುದು ಎಂಬುದು ನನ್ನ ಅನಿಸಿಕೆ.

ಕರ್ನಾಟಕದಲ್ಲಿದ್ದ ಇತರ ಇಂಗ್ಲಿಷ್ ಅಧಿಕಾರಿಗಳ ಬಾಲ್ಯವನ್ನು ಎಲ್ಲಿ ಹುಡುಕಬೇಕು?

ಕಂಪನಿಯ ಕಾಲದ ಸಿವಿಲ್ ಅಧಿಕಾರಿಗಳಿಗೆ ಹೇಲಿಬರಿಯೇ ಮುಖ್ಯ ದಾರಿ. ಈಸ್ಟ್ ಇಂಡಿಯಾ ಕಾಲೇಜು 1806ರಲ್ಲಿ ಹರ್ಟ್‌ಫರ್ಡ್‌ನಲ್ಲಿ ಆರಂಭವಾಗಿ, 1809ರಲ್ಲಿ ಹೇಲಿಬರಿಗೆ ಬಂದು, 1858ರಲ್ಲಿ ಮುಚ್ಚಿತು. ಅರ್ಥಶಾಸ್ತ್ರಜ್ಞ ಮಾಲ್ಥಸ್ 1834ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿ ಅಧ್ಯಾಪಕರಾಗಿದ್ದರು. ಅಲ್ಲಿ ಓದಿದವರ ಪಟ್ಟಿ ಮತ್ತು ಅವರ ಸೇವಾ ವಿವರಗಳನ್ನೊಳಗೊಂಡ ಸ್ಮರಣ ಗ್ರಂಥ 1894ರಲ್ಲಿ ಪ್ರಕಟವಾಯಿತು.

ಅಲ್ಲಿಂದ ಬಂದ ವಾಲ್ಟರ್ ಎಲಿಯಟ್ 1824ರ ಅಕ್ಟೋಬರ್‌ನಲ್ಲಿ ಕಲೆಕ್ಟರ್ ಥ್ಯಾಕರೆ ಹತನಾದಾಗ ಕಿತ್ತೂರಿನಲ್ಲಿಯೇ ಇದ್ದು, ಚೆನ್ನಮ್ಮನ ಕಡೆಯವರ ವಶದಲ್ಲಿ ಸೆರೆಯಾಳಾಗಿದ್ದರು. ಮುಂದೆ ಅವರೇ ಧಾರವಾಡ ಸೀಮೆಯ ನೂರಾರು ಶಾಸನಗಳ ಪ್ರತಿ ಮಾಡಿಸಿದರು, ಮತ್ತು ಆ ಸಂಗ್ರಹ ಫ್ಲೀಟ್ ಅವರ ಕೆಲಸಕ್ಕೂ ಆಧಾರವಾಯಿತು. ಇಂಥವರ ವಿಷಯದಲ್ಲಿ ಶಾಲೆಯ ಪುಸ್ತಕಕ್ಕಿಂತ ಉತ್ತಮವಾದ ಮೂಲವೊಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಕಂಪನಿಯ ನೌಕರಿಗಾಗಿ ಹುಡುಗರು ಸಲ್ಲಿಸಿದ ಅರ್ಜಿಗಳು ಇಂಡಿಯಾ ಆಫೀಸ್ ದಾಖಲೆಗಳ ಜೆ/1 ಎಂಬ ಸರಣಿಯಲ್ಲಿದ್ದು, ದೀಕ್ಷಾಸ್ನಾನದ ಪ್ರಮಾಣಪತ್ರ ಮತ್ತು ಓದಿದ ಬಗ್ಗೆ ಉಪಾಧ್ಯಾಯರ ಪತ್ರಗಳು ಅವುಗಳ ಜೊತೆಗಿರುತ್ತವೆ. ಹದಿನೈದು ಹದಿನಾರರ ಹುಡುಗನ ಬಗ್ಗೆ ಆ ಕಾಲದಲ್ಲಿಯೇ ಬರೆದ ಕಾಗದಗಳವು.

ಹೈದರಾಲಿಯ ಕಾಲದಲ್ಲಿ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ವೆಸ್ಟ್‌ಮಿನ್‌ಸ್ಟರ್ ಶಾಲೆಯವರು. ಆ ಶಾಲೆಯ ಹಳೆಯ ವಿದ್ಯಾರ್ಥಿಗಳ ದಾಖಲೆ 1928ರಲ್ಲಿ ಎರಡು ಸಂಪುಟಗಳಲ್ಲಿ ಬಂದಿದೆ.

ಈ ದಾಖಲೆಗಳಲ್ಲಿ ಯಾರು ಕಾಣುವುದಿಲ್ಲ?

ಹೆಣ್ಣುಮಕ್ಕಳು ತಾಯಿಯಾಗಿಯೋ ಹೆಂಡತಿಯಾಗಿಯೋ ಬರುತ್ತಾರೆ, ಅದೂ ಅವರ ತಂದೆ ದೊಡ್ಡವರಾಗಿದ್ದರೆ. ಪಾದ್ರಿಗಳು, ವಕೀಲರು, ಸೈನ್ಯಾಧಿಕಾರಿಗಳು ಬೇರೆ ಮುದ್ರಿತ ಪಟ್ಟಿಗಳಲ್ಲಿಯೂ ಇರುವುದರಿಂದ ಅವರ ನಮೂದುಗಳು ಉದ್ದವಾಗಿರುತ್ತವೆ. ಅಪ್ಪನ ಅಂಗಡಿಯಲ್ಲಿ ಕುಳಿತ ಹುಡುಗನಿಗೆ ಹೆಸರು ಮತ್ತು ವರ್ಷ ಬಿಟ್ಟರೆ ಏನೂ ಇರುವುದಿಲ್ಲ. ಶುಲ್ಕವಿಲ್ಲದೆ ಓದಿದ ಬಡ ಹುಡುಗರ ಬದುಕು ಹೀಗೆಯೇ ಅಳಿಸಿಹೋಗಿದೆ. ಉದ್ದದ ನಮೂದು ದೊಡ್ಡ ಬದುಕಿನ ಅಳತೆಯಲ್ಲ.

ನಮಗೆ ಇನ್ನೂ ನೋವಿನ ಕೊರತೆಯೊಂದಿದೆ. ಭಾರತದಲ್ಲಿ ಕೆಲಸ ಮಾಡಿದ ಹಳೆಯ ವಿದ್ಯಾರ್ಥಿಯ ಹೆಸರಿನ ಮುಂದೆ ಪ್ರಾಂತ, ಹುದ್ದೆ, ಬಿರುದು ಎಲ್ಲವೂ ಇರುತ್ತವೆ. ಅವನಿಗೆ ಭಾಷೆ ಕಲಿಸಿದ ಪಂಡಿತರು, ಶಾಸನದ ಕಲ್ಲಿನ ಮೇಲೆ ಕಾಗದ ಒತ್ತಿ ಅಚ್ಚು ತೆಗೆದವರು, ಲಾವಣಿ ಹಾಡಿ ತೋರಿಸಿದ ಗಾಯಕರು ಅಲ್ಲಿ ಬರುವುದಿಲ್ಲ. ಶಾಲೆಯ ರಿಜಿಸ್ಟರ್ ಅವರಿಗಾಗಿ ಮಾಡಿದ್ದಲ್ಲ ಎಂಬುದು ನಿಜ. ಆದರೆ ಆ ರಿಜಿಸ್ಟರ್ ಒಂದನ್ನೇ ಹಿಡಿದು ಕನ್ನಡದಲ್ಲಿ ಜೀವನಚರಿತ್ರೆ ಬರೆದರೆ ಅದೇ ಮರೆವನ್ನು ನಾವೂ ಮುಂದುವರಿಸಿದಂತಾಗುತ್ತದೆ.

ಬದುಕಿರುವ ಹಳೆಯ ವಿದ್ಯಾರ್ಥಿಗಳ ವಿವರ ಕೇಳಬಹುದೇ?

ಬ್ರಿಟನ್ನಿನ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಬದುಕಿರುವವರಿಗೆ ಅನ್ವಯಿಸುತ್ತದೆ. ಆದ್ದರಿಂದ ಅಂಥ ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ನಿರೀಕ್ಷಿಸಬಾರದು. ಸ್ವಂತ ವಿವರವನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ.

ಮುದ್ರಿತ ನಮೂದಿನಲ್ಲಿ ತಪ್ಪು ಕಂಡರೆ ಏನು ಮಾಡಬೇಕು?

ಮೊದಲು ಆ ಮಾಹಿತಿ ಯಾವ ಪದರದ್ದು ಎಂದು ನೋಡಬೇಕು. ಶಾಲೆಯ ಮೂಲ ಪುಸ್ತಕದಿಂದ ಬಂದದ್ದಾದರೆ, ಮೂಲವನ್ನು ನೋಡದೆ ತಿದ್ದುವಂತಿಲ್ಲ. ಸಂಪಾದಕರು ಹೊರಗಿನಿಂದ ಸೇರಿಸಿದ್ದಾದರೆ, ಅದಕ್ಕಿಂತ ಹಳೆಯ ಮತ್ತು ಹತ್ತಿರದ ಸಾಕ್ಷ್ಯವನ್ನು ತೋರಿಸಿ ತಿದ್ದಬಹುದು. ಅಂಥ ಸಾಕ್ಷ್ಯ ಎಷ್ಟೋ ಸಲ ನಮ್ಮಲ್ಲಿಯೇ ಇರುತ್ತದೆ. ಭಾರತದಲ್ಲಿ ತೀರಿಕೊಂಡ ಹಳೆಯ ವಿದ್ಯಾರ್ಥಿಯ ಮರಣದ ದಿನ ರಿಜಿಸ್ಟರ್‌ನಲ್ಲಿ ಬಿಟ್ಟುಹೋಗಿದ್ದರೂ, ಬೆಳಗಾವಿಯಲ್ಲೋ ಧಾರವಾಡದಲ್ಲೋ ಬೆಂಗಳೂರಿನಲ್ಲೋ ಇರುವ ಹಳೆಯ ಕ್ರೈಸ್ತ ಸ್ಮಶಾನದ ಕಲ್ಲಿನ ಮೇಲೆ ಅದು ಸ್ಪಷ್ಟವಾಗಿ ಕೆತ್ತಿರಬಹುದು. ಆ ಕಲ್ಲಿನ ಬರಹವನ್ನು ಒಂದಕ್ಷರವೂ ಬದಲಿಸದೆ ನಕಲು ಮಾಡಿ, ಚಿತ್ರ ತೆಗೆದು, ಸ್ಥಳದ ವಿವರದೊಂದಿಗೆ ಶಾಲೆಯ ದಾಖಲೆಗಳ ವಿಭಾಗಕ್ಕೆ ಬರೆದು ಕಳುಹಿಸಬೇಕು.